ಹನ್ನೊಂದನೇ ಜಾಡಿಯ ಮೆದುಳು

ಮೆಡಿಕಲ್ ಕಾಲೇಜಿನಲ್ಲಿ ಜಾಡಿಗಳಲ್ಲಿಟ್ಟ ಮೆದುಳುಗಳನ್ನು ತೊಳೆಯುವುದು ನನ್ನ ಕೆಲಸ. ಮೂವತ್ತು ವರ್ಷಗಳಲ್ಲಿ ಅವುಗಳಲ್ಲಿ ಯಾವುದೂ ನನಗೆ ಬುದ್ಧಿ ಹೇಳಿದ್ದಿಲ್ಲ. ಕೊಳೆಯದಿರಲೆಂದು ಫಾರ್ಮಲಿನ್‌ನಲ್ಲಿ ನೆನೆಸಿಟ್ಟ ಮೆದುಳು ತಣ್ಣಗೆ, ರಬ್ಬರಿನಂತೆ ಗಟ್ಟಿಯಾಗಿರುತ್ತದೆ. ಆ ಶನಿವಾರ ಮಧ್ಯಾಹ್ನ ಹನ್ನೊಂದನೇ ಜಾಡಿಯದು ಮಾತ್ರ ಬೆಚ್ಚಗಿತ್ತು. ಹೆಬ್ಬೆರಳು ಬೆಣ್ಣೆಗೆ ಇಳಿದಂತೆ ಇಳಿದು, ಉಗುರಿನೊಳಗೆ ಲೋಳೆ ಸೇರಿತು. ಅದನ್ನು ಪಾಠದ ಮೇಜಿನ ಮೇಲಿಟ್ಟೆ.

ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದ ಮೇಡಂ ಅದರ ಬಲಭಾಗವನ್ನು ಒತ್ತಿ, "ಎಡಗೈ ಆಡ್ಸೋದು ಇದೇ" ಎಂದರು. ನನ್ನ ಎಡಗೈ ತಾನಾಗಿ ಎಗರಿ, ಹಿಡಿದಿದ್ದ ಟ್ರೇ ಬಿತ್ತು.

"ಏನಪ್ಪಾ, ನೀನೂ ಪಾಠ ಕಲಿತ್ಯಾ?"

"ಇನ್ನೊಂದ್ಸಲ ಒತ್ಬೇಡಿ ಮೇಡಂ. ನನ್ನ ಹೊಟ್ಟೆಪಾಡು ಈ ಕೈ ಮೇಲಿದೆ."

ನಗುತ್ತಲೇ ಒತ್ತಿದರು. ಕೈ ಮತ್ತೆ ಎಗರಿತು. ಯಾರೂ ನಗಲಿಲ್ಲ.

ಮೇಡಂ ತಾವೇ ಜಾಡಿಯನ್ನು ಕಪಾಟಿನಲ್ಲಿಟ್ಟು, ಬೀಗ ಹಾಕಿ, ಕೀಲಿ ಮನೆಗೊಯ್ದರು. ಭಾನುವಾರ ಊಟಕ್ಕೆ ಕೂತಾಗ ನನ್ನ ಕೈ ಒಂಬತ್ತು ಸಲ ಎಗರಿತು; ಎಣಿಸಿದ್ದು ಹೆಂಡತಿ. ಸೋಮವಾರ ಮೇಡಂ ಬೀಗ ತೆಗೆದಾಗ ಮೆದುಳಿನ ಬಲಭಾಗದಲ್ಲಿ ಹೊಸದಾಗಿ ಒಂಬತ್ತು ಹೆಬ್ಬೆರಳ ಗುಳಿಗಳಿದ್ದವು, ಒಂದೊಂದರಲ್ಲೂ ಲೋಳೆ ಇನ್ನೂ ಬೆಚ್ಚಗಿತ್ತು.