ಅಣ್ಣನ ಕಥೆ ಹೇಳಬೇಕಾದವಳು

"ಇದನ್ನ ಓದಿದ್ರೆ ಮುನ್ನೂರು ಹುಡುಗರೂ ನಿದ್ದೆ ಹೊಡೀತಾರೆ!"

ಅವನು ಅವಳ ಕಾಗದವನ್ನು ಮೇಜಿನ ಮೇಲಿಟ್ಟ.

ಅವಳ ಕಣ್ಣು ಉರಿಯಿತು. "ನಮ್ಮಣ್ಣನ ಸಾವು ನಿದ್ದೆ ಬರೋ ವಿಷಯಾನಾ?"

"ಇದರಲ್ಲಿ ನಿಮ್ಮಣ್ಣ ಎಲ್ಲಿದ್ದಾನೆ? ತಾರೀಕಿದೆ, ಕಂಬದ ಎತ್ತರ ಇದೆ, ಅಷ್ಟೇ. ಹೇಗೆ ಸತ್ತ ಅನ್ನೋದಕ್ಕೆ ಮುಂಚೆ ಹೇಗೆ ಬದುಕಿದ್ದ ಅಂತ ಹೇಳಿ. ಆಗ ಕೇಳ್ತಾರೆ."

ಅವಳದು ಹೊಲಿಗೆ ಅಂಗಡಿ. ಲೈನ್‌ಮನ್ ಆಗಿದ್ದ ಅಣ್ಣ ವರ್ಷದ ಹಿಂದೆ ವಿದ್ಯುತ್ ಕಂಬದಿಂದ ಬಿದ್ದು ತೀರಿಕೊಂಡಿದ್ದ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ಆ ಕಥೆ ಹೇಳಲು ತರಬೇತಿ ಶಾಲೆ ಅವಳನ್ನು ಕರೆದಿತ್ತು. ಹೇಗೆ ಹೇಳಬೇಕೆಂದು ತಿದ್ದಬೇಕಾದವನು ಅಲ್ಲಿನ ಈ ಮೇಷ್ಟ್ರು.

ದಿನಾ ಸಂಜೆ ಅವನು ಅಂಗಡಿಗೆ ಬರತೊಡಗಿದ.

"ಅಣ್ಣ ನಿಮ್ಮನ್ನ ಏನಂತ ಕರೀತಿದ್ದ?"

"ಬಾಯಿಬಡುಕಿ ಅಂತ..." ಹೇಳುತ್ತಲೇ ನಕ್ಕುಬಿಟ್ಟಳು. ನಕ್ಕು ವರ್ಷವಾಗಿತ್ತು!

"ಅಲ್ಲಿಂದಲೇ ಶುರು ಮಾಡಿ. ಮೊದಲು ನಗಿಸಿ. ನಕ್ಕವರಿಗೆ ಅವನು ಹತ್ತಿರದವನಾಗ್ತಾನೆ."

ಬರಬರುತ್ತಾ ಸಂಜೆಯಾದರೆ ಅವಳ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು...

ಒಂದು ದಿನ ಅವನೆಂದ, "ಏನೋ ಮುಚ್ಚಿಡ್ತಿದ್ದೀರಿ. ಅಣ್ಣ ತೀರಿಕೊಂಡ ದಿನದ ಬೆಳಗಿನ ಮಾತು ಬಂದ ಕೂಡಲೇ ನಿಮ್ಮ ದನಿ ಅಡಗಿಹೋಗುತ್ತೆ."

ಅವಳಿಗೆ ತಡೆಯಲಾಗಲಿಲ್ಲ. "ಕಂಬಕ್ಕೆ ಕಟ್ಟಿಕೊಳ್ಳೋ ಬೆಲ್ಟು ಹರಿದಿತ್ತು. ಹೊಲಿದುಕೊಡೇ ಅಂತ ಕೊಟ್ಟಿದ್ದ. ಗಿರಾಕಿ ಬಟ್ಟೆ ಗಡಿಬಿಡೀಲಿ ಮರೆತುಬಿಟ್ಟೆ. ಅಣ್ಣ ಬಿದ್ದಾಗ ಅದು ನನ್ನ ಮಷೀನ್ ಪಕ್ಕದಲ್ಲೇ ಇತ್ತು... ನಾನೇ ಕೊಂದೆ ಮೇಷ್ಟ್ರೇ!"

ಅವನ ಮುಖ ಬಿಳಿಚಿಕೊಂಡಿತು. ತಟ್ಟನೆ ಎದ್ದು ಹೋದ. ಮತ್ತೆ ಬರಲಿಲ್ಲ.

'ಇಂಥವಳ ಮುಖ ಯಾರು ನೋಡ್ತಾರೆ...' ದಿಂಬು ಒದ್ದೆಯಾಯಿತು.

ಆದರೂ ಕಥೆ ಹೇಳಬೇಕಾದ ದಿನ ತರಬೇತಿ ಶಾಲೆಯ ವೇದಿಕೆ ಹತ್ತಿದಳು. ಬಾಯಿಬಡುಕಿಯ ಮಾತಿಗೆ ಸಭಾಂಗಣ ಗೊಳ್ಳೆಂದು ನಕ್ಕಿತು. ಬೆಲ್ಟಿನ ಮಾತು ಬಂದಾಗ ಒಬ್ಬರೂ ಕೆಮ್ಮಲಿಲ್ಲ.

"ಅವತ್ತು ಬೆಲ್ಟ್ ಇದ್ದಿದ್ರೆ..."

ಹಿಂದಿನ ಸಾಲಿನಲ್ಲಿ ಮೇಷ್ಟ್ರು ಎದ್ದು ನಿಂತ.

"ಬೆಲ್ಟ್ ಇತ್ತು! ಜೀಪಿನಲ್ಲಿ ಇನ್ನೊಂದು ಇತ್ತು. ನಿಮ್ಮಣ್ಣ ತರ್ತೀನಿ ತಡಿ ಅಂದ. 'ಎರಡು ನಿಮಿಷದ ಕೆಲಸ, ಹತ್ತೋ' ಅಂದವನು ನಾನು. ಆಗಿನ್ನೂ ನಾನು ಮೇಷ್ಟ್ರಲ್ಲ, ಅವನ ಜೊತೆಯ ಲೈನ್‌ಮನ್. ಕಂಬದ ಕೆಳಗೆ ನಿಂತಿದ್ದವನು ನಾನು."

ಅವಳು ಮೈಕ್ ಕೆಳಗಿಟ್ಟು ಅವನನ್ನೇ ನೋಡಿದಳು.

ಎಲ್ಲರೂ ಹೋದ ಮೇಲೆ ಅವಳು ಕೇಳಿದಳು, "ವರ್ಷಪೂರ್ತಿ ಒಳಗೊಳಗೇ ಬೆಂದೆ. ಒಂದು ಮಾತು ಹೇಳಬಾರದಿತ್ತಾ?"

"ಹೇಡಿ ನಾನು. ನಿಮ್ಮ ಮನೆ ಬಾಗಿಲವರೆಗೂ ಬಂದು ವಾಪಸ್ ಹೋದವನು. ಆಮೇಲೆ... ನಿಮ್ಮನ್ನ ಪ್ರೀತಿಸಿಬಿಟ್ಟೆ. ಬಾಯಿ ಇನ್ನಷ್ಟು ಕಟ್ಟಿಹೋಯ್ತು."

ಅವಳು ಬಹಳ ಹೊತ್ತು ಅತ್ತಳು. ಅವನು ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ.

"ಕ್ಷಮಿಸೋಕೆ ಇವತ್ತು ನನ್ನಿಂದ ಆಗಲ್ಲ."

"ಕೇಳಲ್ಲ."

"ಆದ್ರೆ ಅಮ್ಮನಿಗೆ ಎಲ್ಲಾ ಹೇಳಬೇಕು. ಒಬ್ಬಳೇ ಹೇಳೋಕೆ ಧೈರ್ಯ ಇಲ್ಲ..." ಅವಳು ಕಣ್ಣೊರೆಸಿಕೊಂಡು ಕೈ ಚಾಚಿದಳು. "ಜೊತೆಗೆ ಬರ್ತೀಯಾ?"

ಮೊದಲ ಸಲ ಅವಳು ಏಕವಚನದಲ್ಲಿ ಕರೆದಿದ್ದಳು.

"ಬರ್ತೀನಿ ಕಣೇ," ಎಂದ ಅವನು, ಆ ಕೈ ಹಿಡಿದು.