ಹಲ್ಲಿಲ್ಲದ ಅಜ್ಜಿಯ ಎಡೆಗಲ್ಲು

ಕಲ್ಲಿನ ಮೇಲೆ ಗೀಚಿದ್ದು ಯಾರು ಎಂದು ಅಪ್ಪ ಕೇಳಿದಾಗ ವಾಬೇತ್ ಉಳಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಮೂಗಿಗೆ ಮೆತ್ತಿದ್ದ ಕಲ್ಲಿನ ಪುಡಿಯನ್ನು ಒರೆಸಿಕೊಳ್ಳಲು ಮಾತ್ರ ಮರೆತಿದ್ದಳು.

ಅದು ತೀರಿಹೋದ ಅಜ್ಜಿಯ ಎಡೆಗಲ್ಲು. ಮಾರನೆಯ ದಿನವೇ ಕಣಿವೆಯ ಹಬ್ಬ. ಊರಿನವರೆಲ್ಲ ಗುಡ್ಡ ಹತ್ತಿ ತಮ್ಮ ಹಿರಿಯರ ಗೋರಿಗಳ ಮುಂದೆ ಎಡೆ ಇಡುತ್ತಾರೆ. ಎಡೆಗಲ್ಲಿನ ಮೇಲೆ ನೀರು ಹೊಯ್ದರೆ, ಅದರಲ್ಲಿ ಕೆತ್ತಿದ್ದೆಲ್ಲ ಸತ್ತವರು ಸೇರುವ ಪಡುವಣ ಲೋಕದಲ್ಲಿರುವವರಿಗೆ ನಿಜವಾದ ಊಟವಾಗುತ್ತದೆ.

ಅಪ್ಪ ಕೆನ್ನಾ ಇಡೀ ಊರಿಗೇ ಹೆಸರಾದ ಕಲ್ಲುಕುಟಿಗ. ದುಂಡು ರೊಟ್ಟಿ, ಬಾತುಕೋಳಿ, ಎತ್ತಿನ ತೊಡೆ ಎಲ್ಲವೂ ಕಲ್ಲಿನಿಂದ ಉಬ್ಬಿ ನಿಂತಿದ್ದವು. ಅವುಗಳ ಮಧ್ಯೆ ಈಗ ಸೊಟ್ಟಗೆ ಏನೋ ಒಂದು ಕುಳಿ.

"ಏನಿದು, ಈರುಳ್ಳಿನಾ?" ಅಪ್ಪ ಸಿಟ್ಟಿನಿಂದಲೇ ಕೇಳಿದ.

"ಅಂಜೂರ," ಎಂದಳು ವಾಬೇತ್. "ಅಜ್ಜಿಗೆ ಹಲ್ಲೇ ಇರ್ಲಿಲ್ವಲ್ಲ ಅಪ್ಪಾ. ನೀನು ಬರೀ ಗಟ್ಟಿಗಟ್ಟಿ ಊಟನೇ ಕೆತ್ತಿದೀಯ. ಅಲ್ಲಿ ಅವಳು ಹಸ್ಕೊಂಡೇ ಇರ್ಬೇಕಾ?"

ಅಪ್ಪ ಕಲ್ಲನ್ನೇ ನೋಡುತ್ತ ನಿಂತ. ಎಲ್ಲರ ಕಲ್ಲಿಗೂ ಕೆತ್ತುವುದನ್ನೇ ಅವನ ಕೈ ರೂಢಿಯಂತೆ ಇಲ್ಲಿಯೂ ಕೆತ್ತಿಬಿಟ್ಟಿತ್ತು. ಆಮೇಲೆ ಅವನು ನೆಲದಲ್ಲೇ ಕುಳಿತುಬಿಟ್ಟ.

"ನಂಗೆ ಹಲ್ಲು ಬರೋ ಮುಂಚೆ ಅವಳೇ ಅಗಿದು ಬಾಯಿಗಿಡ್ತಿದ್ದಳಂತೆ," ಎಂದ. "ನಾನು ನೋಡು, ಮರೆತೇಬಿಟ್ಟೆ."

ಉಳಿ ಕೊಡು ಎಂದು ಅವನು ಕೈ ಚಾಚಿದ. ಅಂಜೂರವನ್ನು ಅಳಿಸುತ್ತಾನೇನೋ ಎಂದು ವಾಬೇತ್ ಹೆದರಿದಳು. ಅಪ್ಪ ಅದನ್ನು ಅಳಿಸಲಿಲ್ಲ. ಕುಳಿಯನ್ನು ಇನ್ನಷ್ಟು ಆಳ ಮಾಡಿ, ಅದಕ್ಕೊಂದು ತೊಟ್ಟು ಬಿಡಿಸಿದ.

ಮಾರನೆಯ ದಿನ ಗೋರಿಯ ಮುಂದೆ ಅಮ್ಮ ನೀರಿನ ಹೂಜಿಯನ್ನು ಅಜ್ಜಿಯ ಮುದ್ದಿನ ಮೊಮ್ಮಗಳಾದ ವಾಬೇತ್‌ಳ ಕೈಗೇ ಕೊಟ್ಟಳು. ಅಜ್ಜಿಯನ್ನು ಹುನೆರೋ ಎಂದು ಹೆಸರು ಹಿಡಿದು ಕರೆ, ಹೆಸರು ಹೇಳದಿದ್ದರೆ ಎಡೆ ಅವಳಿಗೆ ಮುಟ್ಟುವುದಿಲ್ಲ ಎಂದು ನೆನಪಿಸಿದಳು.

ವಾಬೇತ್ ಹೂಜಿ ಎತ್ತಿದಳು. ಅಪ್ಪ ಹಿಂದೆ ನಿಂತಿದ್ದ. ಕೈಗಳನ್ನು ಏನು ಮಾಡಬೇಕೆಂದು ಗೊತ್ತಾಗದೆ ಸುಮ್ಮನೆ ಬೆರಳು ಹಿಸುಕಿಕೊಳ್ಳುತ್ತಿದ್ದ.

"ನೀನೇ ಹೊಯ್ಯಿ ಅಪ್ಪಾ," ಎಂದು ಹೂಜಿಯನ್ನು ಅವನ ಕೈಗಿಟ್ಟಳು.

ನೀರು ರೊಟ್ಟಿಗಳನ್ನು ಬಳಸಿ ಹರಿದು ಅಂಜೂರದ ಕುಳಿಯಲ್ಲಿ ತುಂಬಿಕೊಂಡಿತು. ಅಪ್ಪ ಹೆಸರು ಹೇಳಲೇ ಇಲ್ಲ.

"ಉಣ್ಣಮ್ಮಾ," ಎಂದ.

ಹೆಸರು ನೆನಪಿಸಲು ಬಾಯಿ ತೆರೆದ ವಾಬೇತ್ ಸುಮ್ಮನಾದಳು. ಅಜ್ಜಿಯನ್ನು ಅಮ್ಮಾ ಎಂದು ಕರೆಯುವವನು ಅವನೊಬ್ಬನೇ. ಕರೆದದ್ದು ಯಾರೆಂದು ಅಜ್ಜಿಗೆ ಗೊತ್ತಾಗದೆ ಇರುತ್ತದೆಯೇ?