ಫೋಕಸ್ ತಪ್ಪಿದ ಎಂಜಿನ್

ಪಾರ್ಕಿನ ಹುಲ್ಲಿನ ಮೇಲೆ ಬೋರಲು ಮಲಗಿದ್ದವಳನ್ನು ಕಂಡು, ಯಾರೋ ತಲೆತಿರುಗಿ ಬಿದ್ದಿದ್ದಾರೆಂದು ಅವನು ಎದ್ದೆನೋ ಬಿದ್ದೆನೋ ಎಂದು ಓಡಿಬಂದಿದ್ದ. ಬಂದ ಭರಕ್ಕೆ ಅವಳ ತಗಡಿನ ಬಸ್ಸನ್ನೇ ತುಳಿದುಬಿಟ್ಟ. ಆಟಿಕೆಯ ಫೋಟೋ ತೆಗೆಯಬೇಕಾದರೆ ಆಟಿಕೆಯ ಎತ್ತರಕ್ಕೇ ಇಳಿಯಬೇಕು ಎನ್ನುವುದು ಆ ಮಹಾನುಭಾವನಿಗೇನು ಗೊತ್ತು? ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಕೊಡಿ, ಸರಿ ಮಾಡ್ಕೊಡ್ತೀನಿ. ಗಡಿಯಾರ ರಿಪೇರಿ ನನ್ನ ಕೆಲಸ," ಎಂದ, ತಲೆ ತಗ್ಗಿಸಿ.

ಬಸ್ಸು ಸರಿಯಾಯಿತು. ಬಸ್ಸಿನ ಹಿಂದೆಯೇ ಅವನೂ ಪ್ರತಿ ಭಾನುವಾರ ಬರತೊಡಗಿದ.

ತಾತನ ಟ್ರಂಕಿನಲ್ಲಿದ್ದ ಹಳೆಯ ಆಟಿಕೆಗಳನ್ನೆಲ್ಲ ಬಯಲಿಗೆ ತಂದು ಫೋಟೋ ತೆಗೆಯುವುದು ಅವಳ ಹುಚ್ಚು. ನಿಂತ ನೀರಿನ ಅಂಚಿನಲ್ಲಿ ಬಸ್ಸು, ಹುಲ್ಲಿನ ಕಾಡಿನಲ್ಲಿ ಕರಡಿ, ಬಟ್ಟೆ ಒಣಹಾಕುವ ತಂತಿಯ ಮೇಲೆ ವಿಮಾನ. ಕೀಲಿ ಕೊಡುವುದು ಗಡಿಯಾರದವನ ಪಾಲು. ಅವಳ ಭುಜದ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಕೈ ಚಾಚಿ ಆಟಿಕೆಯನ್ನು ಹಿಡಿದುಕೊಂಡು, "ಬಿಡ್ಲಾ?" ಎಂದು ಕೇಳುತ್ತಿದ್ದ. ಅವಳು ಉಸಿರು ಬಿಗಿಹಿಡಿದು "ಬಿಡಿ" ಎನ್ನುತ್ತಿದ್ದಳು.

ಇವತ್ತು ಉಳಿದದ್ದು ಒಂದೇ ಆಟಿಕೆ, ರಿಪೇರಿಗೆಂದು ವಾರಗಟ್ಟಲೆ ಅವನ ಬಳಿಯೇ ಇದ್ದ ರೈಲ್ವೆ ಎಂಜಿನ್. ನಾಳೆ ಅವಳ ಫೋಟೋಗಳ ಪ್ರದರ್ಶನ. ಸಂಜೆಯೊಳಗೆ ಫೋಟೋ ಅಕ್ಕನ ಸ್ಟುಡಿಯೋ ಸೇರಬೇಕು, ಪ್ರಿಂಟ್ ಆಗಬೇಕು. ಅದು ಮುಗಿದರೆ ಗಡಿಯಾರದವನು ಬರಲು ಕಾರಣವೇ ಇರುವುದಿಲ್ಲ. ಅದನ್ನು ನೆನೆದು ಅವಳು ಒರೆಸಿದ ಲೆನ್ಸನ್ನೇ ಮತ್ತೆ ಮತ್ತೆ ಒರೆಸಿದಳು. ಅವನಾದರೋ ಎಂಜಿನ್ನಿನ ಹೊಟ್ಟೆಯನ್ನು ಕನ್ನಡಿಯಂತೆ ಉಜ್ಜಿ ತಂದಿದ್ದ, ಮಾತು ಮಾತ್ರ ಕಮ್ಮಿ.

ಫೋಟೋ ತೆಗೆದು ಅವಳು ಸ್ಟುಡಿಯೋಗೆ ಓಡಿದಳು. ಅಕ್ಕ ಅದನ್ನು ದೊಡ್ಡ ಸ್ಕ್ರೀನಿಗೆ ಹಾಕಿ, ಹಿಗ್ಗಿಸಿ, ಕನ್ನಡಕ ಏರಿಸಿಕೊಂಡಳು.

"ನಿನ್ನ ಎಂಜಿನ್ ಪೂರ್ತಿ ಮಸುಕು ಕಣೇ. ಅದರ ಹೊಳಪಿನಲ್ಲಿ ಕಾಣ್ತಿರೋ ಆಸಾಮಿ ಮಾತ್ರ ರೆಪ್ಪೆ ಸಮೇತ ಸ್ಪಷ್ಟ. ಫೋಕಸ್ ಮಾಡಿದ್ದು ಯಾರನ್ನ?"

ಫೋಕಸ್ಸನ್ನು ಅವಳೇ ಕೈಯಾರೆ ಕೂರಿಸಿದ್ದಳು. ತಗಡಿನ ಮೇಲೆ ಕೂರಿಸಬೇಕಾದ್ದನ್ನು ತಗಡಿನೊಳಗಿನ ಮುಖದ ಮೇಲೆ ಕೂರಿಸಿದ್ದಳು.

"ಇನ್ನೊಂದು ವಿಷಯ," ಎಂದಳು ಅಕ್ಕ, ನಗು ತಡೆದುಕೊಳ್ಳುತ್ತ. "ಈ ಆಸಾಮಿನೂ ಎಂಜಿನ್ ನೋಡ್ತಿಲ್ಲ. ಪಕ್ಕದಲ್ಲಿ ಮಲಗಿರೋಳನ್ನ ನೋಡ್ತಿದ್ದಾನೆ."

ಆಮೇಲೆ ಅವಳ ಕಾಲು ನೆಲದ ಮೇಲೆ ನಿಂತಿದ್ದರೆ ಕೇಳಿ. ಇನ್ನೂ ಬೆಳಕಿತ್ತು. ಗಡಿಯಾರದ ಅಂಗಡಿಗೆ ನುಗ್ಗಿ, ಏದುಸಿರು ಬಿಡುತ್ತ ಕ್ಯಾಮೆರಾವನ್ನು ಅವನ ಮುಂದೆ ಹಿಡಿದಳು. ನೋಡಿದವನ ಕಿವಿಯ ತುದಿಯವರೆಗೂ ಕೆಂಪೇರಿತು. ಅಂಗಡಿಯ ಬಾಗಿಲು ಎಳೆದು ಅವಳ ಜೊತೆ ಹೊರಟ.

ಅದೇ ಪಾರ್ಕು, ಅದೇ ಹುಲ್ಲು. ಅವನು ಕೀಲಿ ತಿರುಗಿಸಿದ.

"ಈ ಸಲ ನಾನೆಲ್ಲಿ ನೋಡ್ಬೇಕು?"

"ಎಂಜಿನ್ ಕಡೆ. ನಾನೂ ಅಲ್ಲೇ ನೋಡ್ತೀನಿ. ಆಮೇಲೆ ಎಲ್ಲಿ ಬೇಕಾದ್ರೂ ನೋಡ್ಕೊಳ್ಳಿ."

ಅವನ ನಗು ತುಟಿಯಂಚಿನಲ್ಲಿ ಹೊರಟು ಕಣ್ಣಿಗೆ ಹತ್ತಿತು. ಅವಳು ಹಟ ಹಿಡಿದು ತಗಡನ್ನೇ ನೋಡಿದಳು. ಎಂಜಿನ್ ಕಟಕಟ ಎನ್ನುತ್ತ ಹುಲ್ಲನ್ನು ಸೀಳಿಕೊಂಡು ಹೊರಟಿತು. ಈ ಸಲ ಮೊಳೆಮೊಳೆಯೂ ಸ್ಪಷ್ಟವಾಗಿ ಬಂತು.

"ಈ ಎಂಜಿನ್ ಸರಿಯಾಗಿ ತುಂಬಾ ದಿನ ಆಯ್ತು," ಎಂದ ಅವನು ಮೆಲ್ಲಗೆ. "ಸ್ಪ್ರಿಂಗ್ ಸರಿ ಇಲ್ಲ ಅಂತ ಸುಳ್ಳು ಹೇಳ್ತಾ ಬಂದೆ. ಇದೂ ಮುಗಿದ್ರೆ ಮುಂದಿನ ಭಾನುವಾರ ಏನು ನೆಪ ಹೇಳೋದು?"

ಪ್ರತಿ ವಾರ ಬೆಳಕು ಚೆನ್ನಾಗಿಲ್ಲವೆಂದು ತಾನೂ ನೆಪ ಹೇಳಿ ಕ್ಯಾಮೆರಾ ಒಳಗಿಡುತ್ತಿದ್ದವಳಿಗೆ ನಗು ತಡೆಯಲಾಗಲಿಲ್ಲ.

"ನೆಪ ಬೇಡ. ಸುಮ್ಮನೆ ಬನ್ನಿ. ನನಗೆ ನೀವಂದ್ರೆ ಇಷ್ಟ."

ಎದ್ದು ನಿಲ್ಲಲು ಅವನು ಕೈ ಕೊಟ್ಟ. ಅವಳು ಎದ್ದು ನಿಂತದ್ದೂ ಆಯಿತು, ಮೊಣಕೈಯ ಹುಲ್ಲು ಕೊಡವಿದ್ದೂ ಆಯಿತು. ಕೈ ಮಾತ್ರ ಅವನ ಕೈಯಲ್ಲೇ ಇತ್ತು. ಫೋಟೋಗಾಗಿ ಕಾಯುತ್ತಿದ್ದ ಅಕ್ಕನ ಕರೆಗೆ ಬ್ಯಾಗಿನಲ್ಲಿ ಅವಳ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

"ಬಿಡ್ಲಾ?" ಎಂದು ಕೇಳಿದ ಅಭ್ಯಾಸಬಲದಿಂದ.

"ಬೇಡ," ಎಂದಳು.